ಗೇರ್ ಎಷ್ಟು ಬೇಕು, ಕೈ ಎಷ್ಟು ಪಳಗಿರಬೇಕು? ವಾರ್‌ಕ್ರಾಫ್ಟ್‌ಗೆ ಹೊಸಬರು, ಮರಳಿ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟ ಆಡುವ ಕನ್ನಡದವರ ಸಣ್ಣ ಗಿಲ್ಡ್ (ತಂಡ) ನಮ್ಮದು. ಹೆಚ್ಚಿನವರು ಪುಣೆಯಲ್ಲಿದ್ದೇವೆ. ಹಿಂಜೆವಾಡಿಯ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರಿದ್ದಾರೆ, ಚಾಕಣದ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬರುವವರಿದ್ದಾರೆ, ಕೋಥ್ರುಡ್‌ನಲ್ಲೇ ಹುಟ್ಟಿ ಬೆಳೆದು ಮನೆಯಲ್ಲಷ್ಟೇ ಕನ್ನಡ ಮಾತಾಡುವವರೂ ಇದ್ದಾರೆ. ಹೊಸಬರು ಬಂದಾಗಲೆಲ್ಲ ಅವವೇ ಪ್ರಶ್ನೆಗಳು ಬರುತ್ತವೆ. ಅದರಲ್ಲೂ ಎಷ್ಟೋ ವರ್ಷ ಬಿಟ್ಟು ಮತ್ತೆ ಬಂದವರಿಗೆ ಗಾಬರಿ ಜಾಸ್ತಿ. ಅವರು ಕಲಿತ ಆಟ ಬೇರೆ, ಈಗ ಎದುರಿಗಿರುವ ಆಟ ಬೇರೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೆದಿದ್ದೇನೆ.

ನಾನು 2010ರ ಹೊತ್ತಿಗೆ ಆಟ ಬಿಟ್ಟೆ. ನನ್ನ ಹಳೇ ಗೇರ್ (ಕವಚ, ಆಯುಧ) ಈಗ ಉಪಯೋಗಕ್ಕೆ ಬರುತ್ತಾ?

ಶಕ್ತಿಯ ಲೆಕ್ಕದಲ್ಲಿ ಇಲ್ಲ. ಅಂದಕ್ಕೆ ಬರುತ್ತದೆ. ಟ್ರಾನ್ಸ್‌ಮಾಗ್ ಮಾಡಿಕೊಂಡರೆ ಹೊಸ ಕವಚಕ್ಕೆ ನಿಮ್ಮ ಹಳೇ ಕವಚದ ರೂಪ ಕೊಡಬಹುದು. ದಯವಿಟ್ಟು ಮಾರಬೇಡಿ. ಆಗಿನ ಕೆಲವು ವಸ್ತುಗಳು ಈಗ ಸಿಗುವುದೇ ಇಲ್ಲ.

ನನ್ನ ಲೆವೆಲ್ 80 ಇತ್ತು. ಲಾಗಿನ್ ಆದರೆ 30 ತೋರಿಸುತ್ತಿದೆ. ಏನಾಯಿತು?

ಏನೂ ಕಳೆದುಹೋಗಿಲ್ಲ. ಲೆಕ್ಕವನ್ನೇ ಕುಗ್ಗಿಸಿದ್ದಾರೆ. 2004ರ ನವೆಂಬರ್‌ನಲ್ಲಿ ಆಟ ಶುರುವಾದಾಗ ಗರಿಷ್ಠ ಲೆವೆಲ್ 60. 2007ರ ಬರ್ನಿಂಗ್ ಕ್ರುಸೇಡ್ ಎಂಬ ಎಕ್ಸ್‌ಪಾನ್ಷನ್‌ನಲ್ಲಿ (ಆಟಕ್ಕೆ ಸೇರಿಸುವ ಹೊಸ ಭಾಗ) 70 ಆಯಿತು, 2008ರ ರಾತ್ ಆಫ್ ದ ಲಿಚ್ ಕಿಂಗ್‌ನಲ್ಲಿ 80. ಹೀಗೇ ಏರುತ್ತಾ ಹೋಗಿ 2018ರ ಬ್ಯಾಟಲ್ ಫಾರ್ ಅಜೆರಾತ್‌ನಲ್ಲಿ 120 ಮುಟ್ಟಿತು. ಹೊಸಬರಿಗೆ ಅದು ಹತ್ತಲಾರದ ಗುಡ್ಡ. 2020ರಲ್ಲಿ ಶಾಡೋಲ್ಯಾಂಡ್ಸ್‌ಗೆ ಸ್ವಲ್ಪ ಮೊದಲು 120 ಇದ್ದವರನ್ನು 50ಕ್ಕೆ ಇಳಿಸಿ, ಗರಿಷ್ಠವನ್ನು ಮತ್ತೆ 60ಕ್ಕೆ ತಂದರು. ಅಲ್ಲಿಂದ ಮತ್ತೆ ಏರಿಕೆ: 2022ರ ಡ್ರ್ಯಾಗನ್‌ಫ್ಲೈಟ್‌ನಲ್ಲಿ 70, 2024ರ ದ ವಾರ್ ವಿದಿನ್‌ನಲ್ಲಿ 80, ಮಿಡ್‌ನೈಟ್‌ನಲ್ಲಿ 90.

ಗೇರ್‌ನ ಸಂಖ್ಯೆಗಳದ್ದೂ ಇದೇ ಕತೆ. 2016ರಲ್ಲಿ ಬಂದ ಲೀಜನ್‌ನ ಕೊನೆಯ ರೈಡ್ (ಹಲವರು ಕೂಡಿ ಬಾಸ್ ಎಂಬ ದೊಡ್ಡ ಶತ್ರುಗಳನ್ನು ಎದುರಿಸುವ ಜಾಗ) ಹೊತ್ತಿಗೆ ಐಟಂ ಲೆವೆಲ್, ಅಂದರೆ ಗೇರ್‌ನ ಶಕ್ತಿ ತೋರಿಸುವ ಸಂಖ್ಯೆ (ಚಿಕ್ಕದಾಗಿ ಐಲೆವೆಲ್), ಸಾವಿರದ ಹತ್ತಿರ ಬಂದಿತ್ತು. 2018ರಲ್ಲಿ ಅದನ್ನು 300ರ ಒಳಗೆ ತಂದು ಕೂರಿಸಿದರು. ಶತ್ರುಗಳ ಜೀವವನ್ನೂ ಅದೇ ಪ್ರಮಾಣದಲ್ಲಿ ಇಳಿಸಿದರು, ಆದ್ದರಿಂದ ಆಟಕ್ಕೇನೂ ನಷ್ಟವಿಲ್ಲ. ಇದರಿಂದ ನೀವು ತಿಳಿಯಬೇಕಾದದ್ದು ಒಂದೇ. "ನಮ್ಮ ಕಾಲದಲ್ಲಿ ಇಷ್ಟು ಐಲೆವೆಲ್ ಸಾಕಿತ್ತು" ಎಂದು ಯಾರಾದರೂ ಹೇಳಿದರೆ, ಯಾವ ಎಕ್ಸ್‌ಪಾನ್ಷನ್, ಯಾವ ಸೀಸನ್ ಎಂದು ಮೊದಲು ಕೇಳಿ. ಅದಿಲ್ಲದೆ ಆ ಸಂಖ್ಯೆಗೆ ಅರ್ಥವಿಲ್ಲ.

"ಈ ರೈಡ್‌ಗೆ ಇಷ್ಟು ಗೇರ್ ಬೇಕೇ ಬೇಕು" ಅನ್ನುತ್ತಾರಲ್ಲ, ಅದನ್ನು ಯಾರು ತೀರ್ಮಾನಿಸುತ್ತಾರೆ?

ಈ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿದ್ದರೆ ಅರ್ಧ ಗಾಬರಿ ಅಲ್ಲೇ ಹೋಗುತ್ತದೆ. "ಬೇಕು" ಅನ್ನುವುದರಲ್ಲಿ ಮೂರು ಬೇರೆ ಬೇರೆ ಸಂಗತಿ ಬೆರೆತಿವೆ.

ಒಂದು, ಆಟವೇ ಹಾಕಿರುವ ಬಾಗಿಲು. ಇಷ್ಟು ಐಟಂ ಲೆವೆಲ್ ಇಲ್ಲದಿದ್ದರೆ ಡಂಜನ್ (ಐದು ಜನರ ಸಣ್ಣ ಹೋರಾಟ) ಮತ್ತು ರೈಡ್‌ಗೆ ತಾನಾಗಿ ಗುಂಪು ಕೂಡಿಸುವ ಡಂಜನ್ ಫೈಂಡರ್, ರೈಡ್ ಫೈಂಡರ್ ನಿಮ್ಮನ್ನು ಸಾಲಿಗೆ ಸೇರಿಸಿಕೊಳ್ಳುವುದೇ ಇಲ್ಲ. ಇದು ಸಾಮಾನ್ಯವಾಗಿ ತುಂಬಾ ಕೆಳಗಿರುತ್ತದೆ.

ಎರಡು, ಆ ಹೋರಾಟ ನಿಜವಾಗಿ ಕೇಳುವ ಶಕ್ತಿ. ಬಾಸ್‌ಗೆ ಇಷ್ಟು ಜೀವ, ಇಷ್ಟು ನಿಮಿಷದಲ್ಲಿ ಸಾಯದಿದ್ದರೆ ರೊಚ್ಚಿಗೇಳುತ್ತದೆ. ಇದು ಗಣಿತ. ಇದನ್ನು ಆಟ ಮಾಡುವ ಕಂಪನಿ ಬ್ಲಿಝಾರ್ಡ್ ಆಮೇಲೂ ತಿದ್ದುತ್ತಾ ಇರುತ್ತದೆ. ಐಸ್‌ಕ್ರೌನ್ ಸಿಟಡೆಲ್ ನೆನಪಿದೆಯಾ? 2010ರಲ್ಲಿ ಆ ರೈಡ್ ಒಳಗೆ ಹೋದವರಿಗೆಲ್ಲ ಒಂದು ಬಫ್ (ಶಕ್ತಿ ಹೆಚ್ಚಿಸುವ ವರ) ಸಿಗುತ್ತಿತ್ತು. ಶುರುವಿನಲ್ಲಿ ಶೇ 5, ಆಮೇಲೆ ಹಂತ ಹಂತವಾಗಿ ಶೇ 30ರವರೆಗೆ ಹೆಚ್ಚಿತು. ಅದೇ ಕೊನೆಯ ಬಾಸ್ ಲಿಚ್ ಕಿಂಗ್, ಅದೇ ಕೋಣೆ. ಮಾರ್ಚ್‌ನಲ್ಲಿ ಸೋತ ಗುಂಪು ಹೆಚ್ಚು ಗೇರ್ ಇಲ್ಲದೆಯೂ ಆಗಸ್ಟ್‌ನಲ್ಲಿ ಗೆಲ್ಲಬಹುದಿತ್ತು.

ಮೂರು, ಗುಂಪು ಕಟ್ಟುವವನು ಕೇಳುವ ಸಂಖ್ಯೆ. ಜನರನ್ನು ಹೆದರಿಸುವುದು ಇದೇ. ಅಪರಿಚಿತರ ಗುಂಪು ಕಟ್ಟುವವನಿಗೆ ನಿಮ್ಮ ಕೈ ಹೇಗಿದೆ ಎಂದು ಗೊತ್ತಿಲ್ಲ. ಗೊತ್ತಾಗುವುದು ನಿಮ್ಮ ಗೇರ್ ಮಾತ್ರ. ಹಾಗಾಗಿ ಹೋರಾಟಕ್ಕೆ ಬೇಕಾದ್ದಕ್ಕಿಂತ ಒಂದಿಷ್ಟು ಮೇಲೆಯೇ ಕೇಳುತ್ತಾನೆ. ರಾತ್ ಕಾಲದಲ್ಲಿ ಗೇರ್‌ಸ್ಕೋರ್ ಎಂಬ ಆಡ್‌ಆನ್ (ಆಟಗಾರರೇ ಮಾಡಿದ ಸೇರ್ಪಡೆ ತಂತ್ರಾಂಶ) ಬಂದಮೇಲೆ ಈ ಅಭ್ಯಾಸ ಬೇರೂರಿತು. ನಗರದ ಚಾಟ್‌ನಲ್ಲಿ ಗೇರ್‌ಸ್ಕೋರ್ ಹೇಳು, ಆ ಬಾಸ್ ಕೊಂದ ಅಚೀವ್‌ಮೆಂಟ್ ಲಿಂಕ್ ಮಾಡು ಅನ್ನುವುದೇ ಮಾತು. ಕೊಲ್ಲದೆ ಅಚೀವ್‌ಮೆಂಟ್ ಇಲ್ಲ, ಅಚೀವ್‌ಮೆಂಟ್ ಇಲ್ಲದೆ ಕೊಲ್ಲಲು ಕರೆಯುವವರಿಲ್ಲ. ಎಷ್ಟೋ ಒಳ್ಳೆಯ ಆಟಗಾರರು ಇದಕ್ಕೇ ಬೇಸತ್ತು ಬಿಟ್ಟು ಹೋದರು. ಅದು ನನಗೆ ಇವತ್ತಿಗೂ ಸಂಕಟದ ವಿಷಯ.

ಹಾಗಾಗಿ ಯಾರಾದರೂ ಒಂದು ಸಂಖ್ಯೆ ಹೇಳಿದಾಗ, ಇದು ಆಟದ್ದಾ, ಹೋರಾಟದ್ದಾ, ಗುಂಪಿನದ್ದಾ ಎಂದು ಬಿಡಿಸಿ ನೋಡಿ.

ಮೊದಲು ಆಟ ಕಷ್ಟ ಇತ್ತು, ಈಗ ಸುಲಭ ಮಾಡಿಬಿಟ್ಟಿದ್ದಾರೆ ಅನ್ನುತ್ತಾರೆ. ನಿಜವಾ?

ಅರ್ಧ ನಿಜ. ಒಳಗೆ ಹೋಗುವುದು ಸುಲಭವಾಗಿದೆ. ಒಳಗೆ ಹೋದಮೇಲೆ ಮಾಡಬೇಕಾದ ಕೆಲಸ ಕಷ್ಟವಾಗಿದೆ.

2005ರ ಮೋಲ್ಟನ್ ಕೋರ್ ರೈಡ್ ತೆಗೆದುಕೊಳ್ಳಿ. 40 ಜನ ಬೇಕು. ನೇರ ಪ್ರವೇಶಕ್ಕೆ ಕ್ವೆಸ್ಟ್ ಮುಗಿಸಬೇಕು. ಅಲ್ಲಿ ಬೆಂಕಿಯ ಏಟು ಜಾಸ್ತಿ, ಆದ್ದರಿಂದ ಫೈರ್ ರೆಸಿಸ್ಟೆನ್ಸ್ (ಬೆಂಕಿ ತಡೆಯುವ ಗುಣ) ಇರುವ ಕವಚ ಬೇರೆಯೇ ಕೂಡಿಹಾಕಬೇಕು, ಮುಂದೆ ನಿಂತು ಏಟು ತಿನ್ನುವ ಟ್ಯಾಂಕ್‌ಗಳಂತೂ ಕೂಡಿಹಾಕಲೇಬೇಕು. ಕೊನೆಯ ಬಾಸ್ ರಾಗ್ನಾರೋಸ್ ಹತ್ತಿರ ಹೋಗುವುದಕ್ಕೆ ಮೊದಲು ರೂನ್‌ಗಳನ್ನು ಆರಿಸಬೇಕು. ಆರಿಸುವ ನೀರು ಬೇಕಾದರೆ ಹೈಡ್ರಾಕ್ಸಿಯನ್ ವಾಟರ್‌ಲಾರ್ಡ್ಸ್ ಎಂಬ ಬಣದ ಬಳಿ ಹೆಸರು ಗಳಿಸಿರಬೇಕು. ಇಷ್ಟೆಲ್ಲ ಆದಮೇಲೆ ಮೇಜ್ (ಮಂತ್ರವಾದಿ) ಮಾಡಬೇಕಾದ್ದೇನು? ಅಲ್ಲಿನ ಶತ್ರುಗಳಿಗೆ ಬೆಂಕಿ ನಾಟುವುದಿಲ್ಲ, ಹಾಗಾಗಿ ಹಿಮದ ಮಂತ್ರ ಫ್ರಾಸ್ಟ್‌ಬೋಲ್ಟ್. ಮತ್ತೆ ಫ್ರಾಸ್ಟ್‌ಬೋಲ್ಟ್. ಮತ್ತೆ ಅದೇ. ಅಂದರೆ ಕಷ್ಟ ಇದ್ದದ್ದು ಸಿದ್ಧತೆಯಲ್ಲಿ, 40 ಜನರನ್ನು ಒಂದೇ ಹೊತ್ತಿಗೆ ಕೂರಿಸುವುದರಲ್ಲಿ, ಏನೂ ಗೊತ್ತಿಲ್ಲದೆ ಕತ್ತಲಲ್ಲಿ ತಡಕಾಡುವುದರಲ್ಲಿ. ಬೆರಳುಗಳಿಗೆ ಕೆಲಸ ಕಡಿಮೆ.

ಆಮೇಲಿನ ರೈಡ್‌ಗಳೂ ಗೇರ್ ಕೇಳಿದವು. ಆನ್‌ಕಿರಾಜ್‌ನ ಹುಹುರಾನ್‌ಗೆ ನೇಚರ್ ರೆಸಿಸ್ಟೆನ್ಸ್, ನಕ್ಸರಾಮಸ್‌ನ ಸಫಿರಾನ್‌ಗೆ ಫ್ರಾಸ್ಟ್ ರೆಸಿಸ್ಟೆನ್ಸ್, ಬ್ಲ್ಯಾಕ್ ಟೆಂಪಲ್‌ನ ಮದರ್ ಶಾರಾಜ್‌ಗೆ ಶಾಡೋ ರೆಸಿಸ್ಟೆನ್ಸ್. ಒಂದೊಂದು ಬಾಸ್‌ಗೆ ಒಂದೊಂದು ಸೆಟ್. ಬ್ಯಾಗ್ ತುಂಬಾ ಅವೇ. ಇದನ್ನೆಲ್ಲ ನಿಧಾನವಾಗಿ ಕೈಬಿಟ್ಟರು. 2009ರ ಡಿಸೆಂಬರ್‌ನಲ್ಲಿ ಡಂಜನ್ ಫೈಂಡರ್ ಬಂತು, 2011ರ ನವೆಂಬರ್‌ನಲ್ಲಿ ರೈಡ್ ಫೈಂಡರ್ ಬಂತು. ಬಾಗಿಲು ಎಲ್ಲರಿಗೂ ತೆರೆಯಿತು.

ಆದರೆ ಬಾಸ್‌ಗಳು ಬೆಳೆದವು. ಲೀಜನ್‌ನಲ್ಲಿ ಟೂಂಬ್ ಆಫ್ ಸಾರ್ಗೆರಾಸ್‌ನ ಮಿಥಿಕ್ (ಅತಿ ಕಷ್ಟದ ಮಟ್ಟದ) ಕಿಲ್‌ಜೇಡನ್ ಬಂದಾಗ, ಜಗತ್ತಿನಲ್ಲೇ ಅದನ್ನು ಮೊದಲು ಕೊಂದ ಮೆಥಡ್ ಗಿಲ್ಡ್ 650ಕ್ಕೂ ಹೆಚ್ಚು ಸಲ ಸತ್ತಿತ್ತು. ಅವರ ಹತ್ತಿರ ಗೇರ್‌ಗೇನೂ ಕೊರತೆ ಇರಲಿಲ್ಲ.

ಇದಕ್ಕಿಂತ ಒಳ್ಳೆಯ ಪುರಾವೆ ರಾಗ್ನಾರೋಸ್‌ನದ್ದೇ. 2004ರಲ್ಲಿ ಆಟ ಬಿಡುಗಡೆಯಾದಮೇಲೆ ಅವನು ಮೊದಲ ಸಲ ಸತ್ತದ್ದು 2005ರ ಏಪ್ರಿಲ್‌ನಲ್ಲಿ. ಐದು ತಿಂಗಳು ಹಿಡಿಯಿತು. 2019ರ ಆಗಸ್ಟ್ ಕೊನೆಯಲ್ಲಿ ಕ್ಲಾಸಿಕ್ ಹೆಸರಿನಲ್ಲಿ ಅದೇ ಹಳೇ ಆಟ ಮತ್ತೆ ಬಂತು. ಈ ಸಲ ಒಂದು ವಾರವೂ ಆಗುವ ಮೊದಲೇ ಅವನನ್ನು ಕೆಡವಿದರು. ಕೆಡವಿದ ಗುಂಪಿನಲ್ಲಿ ಕೆಲವರು ಇನ್ನೂ 60 ಲೆವೆಲ್ ಕೂಡ ತಲುಪಿರಲಿಲ್ಲ. ಕ್ಲಾಸಿಕ್‌ನಲ್ಲಿ ಇದ್ದದ್ದು 1.12 ಪ್ಯಾಚ್‌ನ ಸುಧಾರಿಸಿದ ಟ್ಯಾಲೆಂಟ್‌ಗಳು, ಆ ಅನುಕೂಲ ಇತ್ತು, ಒಪ್ಪೋಣ. ಆದರೂ ಬಾಸ್ ಅವನೇ. ಬದಲಾದದ್ದು ಆಡುವವರ ತಿಳಿವಳಿಕೆ. ಯಾವಾಗ ಮುಳುಗುತ್ತಾನೆ, ಸನ್ಸ್ ಆಫ್ ಫ್ಲೇಮ್ ಎಷ್ಟು ಬರುತ್ತವೆ, ಯಾವ ಬಫ್ ಎಲ್ಲಿ ಸಿಗುತ್ತದೆ, ಎಲ್ಲ ಗೊತ್ತಿತ್ತು.

ಗೇರ್ ವಿಷಯದಲ್ಲೂ ಹೀಗೇ ಆಯಿತು. ಎಡ್ಜ್‌ಮಾಸ್ಟರ್ಸ್ ಹ್ಯಾಂಡ್‌ಗಾರ್ಡ್ಸ್ ಎಂಬ ಕೈಗವಸು ಇದೆ. ಕತ್ತಿ, ಕೊಡಲಿ, ಚೂರಿಗಳ ವೆಪನ್ ಸ್ಕಿಲ್ (ಆಯುಧದ ಪಳಗಿಕೆ) ಅನ್ನು 7 ಹೆಚ್ಚಿಸುತ್ತದೆ, ಬೇರೆ ಏನೂ ಕೊಡುವುದಿಲ್ಲ. 60 ಲೆವೆಲ್‌ಗಿಂತ ಸಾಕಷ್ಟು ಕೆಳಗಿನ ವಸ್ತು. 2005ರಲ್ಲಿ ಎಷ್ಟೋ ಜನ ತಿರುಗಿಯೂ ನೋಡಿರಲಿಲ್ಲ. ಬಾಸ್ ಮೇಲೆ ಬೀಳುವ ಏಟುಗಳಲ್ಲಿ ಒಂದು ಪಾಲು ಗ್ಲಾನ್ಸಿಂಗ್ ಆಗಿ ಅರೆಬರೆ ತಾಗುತ್ತದೆ, ವೆಪನ್ ಸ್ಕಿಲ್ 300 ದಾಟಿದರೆ ಆ ನಷ್ಟ ಕಡಿಮೆ ಎಂದು ಲೆಕ್ಕ ಹಾಕಿ ತೋರಿಸಿದಮೇಲೆ, ಕ್ಲಾಸಿಕ್‌ನಲ್ಲಿ ಅದರ ಬೆಲೆ ಗಗನಕ್ಕೇರಿತು. ವಸ್ತು ಬದಲಾಗಲಿಲ್ಲ, ಅದನ್ನು ನೋಡುವ ಕಣ್ಣು ಬದಲಾಯಿತು.

ನಾನು ಟ್ಯಾಂಕ್. ಈಗಲೂ 540 ಡಿಫೆನ್ಸ್ ಬೇಕಾ?

ಬೇಡ. ಆ ಸ್ಟ್ಯಾಟೇ (ಗೇರ್ ಕೊಡುವ ಗುಣ) ಈಗ ಇಲ್ಲ. ರಾತ್ ಕಾಲದಲ್ಲಿ ಆಡಿದ ಟ್ಯಾಂಕ್‌ಗಳು ಬಂದ ಕೂಡಲೇ ಕೇಳುವುದು ಇದನ್ನೇ, ಯಾಕೆಂದರೆ ಆಗ ಅದು ಜೀವನ್ಮರಣದ ಪ್ರಶ್ನೆ. ಡಿಫೆನ್ಸ್ 540 ಇದ್ದರೆ ರೈಡ್ ಬಾಸ್ ನಿಮಗೆ ಕ್ರಿಟ್ (ಹೆಚ್ಚು ಬಲದ ಏಟು) ಹೊಡೆಯಲಾರ. 539 ಇದ್ದರೆ ಹೊಡೆಯಬಹುದು. ಹೊಸ ಕವಚ ಸಿಕ್ಕಿದ ಖುಷಿಯಲ್ಲಿ ಹಾಕಿಕೊಂಡರೆ 540 ತಪ್ಪುತ್ತಿತ್ತು. ಆಗ ಜೆಮ್ (ಗೇರ್‌ಗೆ ಕೂರಿಸುವ ರತ್ನ) ಬದಲಿಸು, ಎನ್‌ಚಾಂಟ್ (ಗೇರ್‌ಗೆ ಹಾಕುವ ಮಂತ್ರ) ಬದಲಿಸು.

ಡಿಪಿಎಸ್‌ಗಳಿಗೆ (ಹೊಡೆಯುವ ಕೆಲಸದವರು) ಇದೇ ರೀತಿ ಹಿಟ್ ಕ್ಯಾಪ್ (ಗುರಿ ತಪ್ಪದಿರಲು ಬೇಕಾದ ಮಟ್ಟ) ಇತ್ತು. ರಾತ್‌ನಲ್ಲಿ ಕೈಯೇಟಿನವರ ವಿಶೇಷ ಹೊಡೆತಗಳಿಗೆ ಶೇ 8, ಮಂತ್ರದವರಿಗೆ ಶೇ 17. ಅದು ತುಂಬದಿದ್ದರೆ ನಿಮ್ಮ ಹೊಡೆತ ಸುಮ್ನೆ ಗಾಳಿಗೆ.

ಡಿಫೆನ್ಸ್ ಮತ್ತು ವೆಪನ್ ಸ್ಕಿಲ್ 2010ರಲ್ಲಿ ಕಟಾಕ್ಲಿಸಂ ಬರುವ ಮುಂಚಿನ ಪ್ಯಾಚ್‌ನಲ್ಲಿ ಹೋದವು. ಹಿಟ್, ಎಕ್ಸ್‌ಪರ್ಟೀಸ್ ಸ್ಟ್ಯಾಟ್‌ಗಳು, ಸ್ಟ್ಯಾಟ್ ಬದಲಿಸುವ ರೀಫೋರ್ಜಿಂಗ್ 2014ರಲ್ಲಿ ಹೋದವು. ಇನ್ನು ಸುಲಭ ಅಂದುಕೊಳ್ಳಬೇಡಿ. 2012ರ ಮಿಸ್ಟ್ಸ್ ಆಫ್ ಪಂಡಾರಿಯಾದಲ್ಲಿ ಆಕ್ಟಿವ್ ಮಿಟಿಗೇಶನ್ ಬಂದಿತ್ತು. ಮೊದಲು ಗೇರ್ ಮಾಡುತ್ತಿದ್ದ ರಕ್ಷಣೆಯನ್ನು ಈಗ ನಿಮ್ಮ ಬೆರಳು ಮಾಡಬೇಕು. ವಾರಿಯರ್ ಆದರೆ ಶೀಲ್ಡ್ ಬ್ಲಾಕ್ ಸದಾ ಓಡುತ್ತಿರಬೇಕು, ಅದಕ್ಕೆ ರೇಜ್ (ವಾರಿಯರ್ ಖರ್ಚು ಮಾಡುವ ಶಕ್ತಿ) ಉಳಿಸಿಕೊಂಡಿರಬೇಕು, ಉಳಿದ ರೇಜ್ ಇಗ್ನೋರ್ ಪೇನ್ ಎಂಬ ಇನ್ನೊಂದು ರಕ್ಷಣೆಗೆ ಹೋಗಬೇಕು. ಬಾಸ್ ದೊಡ್ಡ ಏಟಿಗೆ ಕೈ ಎತ್ತಿದ ಅರೆಕ್ಷಣದಲ್ಲಿ ಶೀಲ್ಡ್ ಬ್ಲಾಕ್ ಮುಗಿದಿದ್ದರೆ ನಿಮ್ಮ ಜೀವದ ಪಟ್ಟಿ ತುಂಬಿದ್ದದ್ದು ಒಂದೇ ಸಲ ತಳ ಸೇರುತ್ತದೆ. ಹೀಲರ್‌ಗೆ ಕೈ ಎತ್ತಲೂ ಸಮಯ ಇರುವುದಿಲ್ಲ. ಎಂಥ ಗೇರ್ ಇದ್ದರೂ ಇದು ತಪ್ಪುವುದಿಲ್ಲ.

ಇಪ್ಪತ್ತು ವರ್ಷದ ಬದಲಾವಣೆ ಏನು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಗೇರ್ ಹೊತ್ತಿದ್ದ ಭಾರ ಕೈಗೆ ಬಂದಿದೆ.

ಐಲೆವೆಲ್ ಜಾಸ್ತಿ ಇರುವುದನ್ನೇ ಕಣ್ಣು ಮುಚ್ಚಿ ಹಾಕಿಕೊಳ್ಳಬಹುದಾ?

ಶುರುವಿನಲ್ಲಿ ಹೌದು. ಲೆವೆಲ್ ಏರುವಾಗ ಯೋಚನೆಯೇ ಬೇಡ. ಮುಂದೆ ಮೂರು ಕಡೆ ನಿಂತು ನೋಡಿ: ಟ್ರಿಂಕೆಟ್ (ವಿಶೇಷ ಗುಣದ ಒಡವೆ), ಟಿಯರ್ ಸೆಟ್ (ಜೊತೆಗೂಡಿಸಿದರೆ ಬೋನಸ್ ಕೊಡುವ ಕವಚಗಳು), ಆಯುಧ. ನಿಮ್ಮ ಕ್ಲಾಸ್‌ಗೆ (ಪಾತ್ರದ ವರ್ಗ) ಹೊಂದುವ ಟ್ರಿಂಕೆಟ್ ಸ್ವಲ್ಪ ಕೆಳಗಿನ ಐಲೆವೆಲ್‌ನದ್ದಾದರೂ ಹೊಂದದ ಮೇಲಿನದ್ದಕ್ಕಿಂತ ಒಳ್ಳೆಯದು. ಸೆಟ್ ಬೋನಸ್ ಮುರಿಯಬೇಡಿ. ಆಯುಧವನ್ನು ಎಲ್ಲಕ್ಕಿಂತ ಮೊದಲು ಅಪ್‌ಗ್ರೇಡ್ ಮಾಡಿ.

ಸೀಸನ್ ಅಂದರೇನು? ನಡುವೆ ಬಂದರೆ ಹಿಂದೆ ಉಳಿದುಬಿಡುತ್ತೇನಾ?

ಒಂದು ಎಕ್ಸ್‌ಪಾನ್ಷನ್‌ನಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಸೀಸನ್ ಇರುತ್ತವೆ, ಒಂದೊಂದೂ ಕೆಲವು ತಿಂಗಳು. ಹೊಸ ಸೀಸನ್ ಬಂದಾಗ ಹೊಸ ರೈಡ್ ಬರುತ್ತದೆ, ಡಂಜನ್‌ಗಳ ಪಟ್ಟಿ ಬದಲಾಗುತ್ತದೆ, ಗೇರ್‌ನ ಮಟ್ಟ ಮೇಲೇರುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾದ ಹಾಗೆ, ಹೋದ ವರ್ಷ ರ‍್ಯಾಂಕ್ ಬಂದವನೂ ಹೊಸ ಪುಸ್ತಕದ ಮೊದಲ ಪುಟದಿಂದಲೇ ಓದಬೇಕು. ಹೋದ ಸೀಸನ್‌ನಲ್ಲಿ ಬೆವರು ಸುರಿಸಿ ಗಳಿಸಿದ ಗೇರನ್ನು ಈ ಸೀಸನ್‌ನಲ್ಲಿ ಕೆಲವೇ ವಾರಗಳಲ್ಲಿ ಯಾರು ಬೇಕಾದರೂ ಮೀರಿಸುತ್ತಾರೆ.

ಇದನ್ನು ಕೆಲವರು ಅನ್ಯಾಯ ಅನ್ನುತ್ತಾರೆ. ನಾನು ಹಾಗೆ ಅನ್ನುವುದಿಲ್ಲ. ಮದುವೆ, ಮಗು, ಕೆಲಸದ ಬದಲಾವಣೆ ಎಂದು ಒಂದು ವರ್ಷ ಬಿಟ್ಟವರು ಮತ್ತೆ ನಮ್ಮ ಜೊತೆ ಕೂರುವುದು ಇದರಿಂದಲೇ ಸಾಧ್ಯ. ಬರ್ನಿಂಗ್ ಕ್ರುಸೇಡ್ ಕಾಲದಲ್ಲಿ ಹೀಗಿರಲಿಲ್ಲ. ಕಾರಝಾನ್, ಆಮೇಲೆ ಸರ್ಪೆಂಟ್‌ಶ್ರೈನ್, ಆಮೇಲೆ ಬ್ಲ್ಯಾಕ್ ಟೆಂಪಲ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕಿತ್ತು, ಒಂದೊಂದಕ್ಕೂ ಅಟ್ಯೂನ್‌ಮೆಂಟ್, ಅಂದರೆ ಒಳಗೆ ಹೋಗಲು ಅರ್ಹತೆ ಗಳಿಸುವ ಕ್ವೆಸ್ಟ್‌ಗಳು. ಒಬ್ಬ ಹೀಲರ್ ಬಿಟ್ಟುಹೋದರೆ ಹೊಸಬನನ್ನು ಆ ಮೆಟ್ಟಿಲುಗಳನ್ನೆಲ್ಲ ಹತ್ತಿಸಿಕೊಂಡು ಬರಬೇಕು. ಎಷ್ಟೋ ಗಿಲ್ಡ್‌ಗಳು ಅಲ್ಲೇ ಒಡೆದವು.

ಈಗ ಒಬ್ಬರೇ ಆಡಬಹುದಾದ ಡೆಲ್ವ್ಸ್ ಎಂಬ ಸಣ್ಣ ಸಾಹಸಗಳು ಇವೆ. ದ ವಾರ್ ವಿದಿನ್‌ನಲ್ಲಿ ಬಂದದ್ದು. ಯಾರನ್ನೂ ಕಾಯಬೇಕಿಲ್ಲ, ಯಾರೂ ಬೈಯುವುದಿಲ್ಲ. ಜೊತೆಗೆ ಪ್ರತಿ ಬುಧವಾರ ಗೇರ್ ಕೊಡುವ ಗ್ರೇಟ್ ವಾಲ್ಟ್ ತೆರೆಯುತ್ತದೆ. ಹಿಂದಿನ ವಾರ ನೀವು ಆಡಿದ್ದಕ್ಕೆ ತಕ್ಕಂತೆ ಕೆಲವು ಆಯ್ಕೆ, ಅದರಲ್ಲಿ ಒಂದು ನಿಮ್ಮದು. ಶಿಫ್ಟ್‌ನಲ್ಲಿ ದುಡಿಯುವವರಿಗೆ ಇದು ದೊಡ್ಡ ಅನುಕೂಲ. ವಾರಕ್ಕೆ ಎರಡು ಸಂಜೆ ಆಡಿದರೂ ಗೇರ್ ಮುಂದೆ ಸಾಗುತ್ತದೆ.

ಮಿಥಿಕ್ ಪ್ಲಸ್‌ನಲ್ಲಿ ನಾನು ಮೊದಲು 15 ಮಾಡುತ್ತಿದ್ದೆ. ಈಗ 5 ಕೂಡ ಕಷ್ಟ. ನನ್ನ ಕೈ ಕೆಟ್ಟಿತಾ?

ಇಲ್ಲ. ಮಿಥಿಕ್ ಪ್ಲಸ್ ಅಂದರೆ ಸಂಖ್ಯೆ ಏರಿದಷ್ಟೂ ಕಷ್ಟವಾಗುವ ಡಂಜನ್. ಅದರ ಅಳತೆಗೋಲು ಬದಲಾಗಿದೆ. ಡ್ರ್ಯಾಗನ್‌ಫ್ಲೈಟ್‌ನ ನಾಲ್ಕನೇ ಸೀಸನ್‌ನಲ್ಲಿ, ಅಂದರೆ 2024ರಲ್ಲಿ, ಅದರ ಕೆಳಗಿನ ಮೆಟ್ಟಿಲಾದ ಮಿಥಿಕ್ ಸೊನ್ನೆಯನ್ನೇ ಹಳೇ 10ರ ಮಟ್ಟಕ್ಕೆ ಏರಿಸಿದರು. ಹಾಗಾಗಿ ಇವತ್ತಿನ 5 ಹೆಚ್ಚುಕಡಿಮೆ ನಿಮ್ಮ ಹಳೇ 15.

ಮಿಥಿಕ್ ಪ್ಲಸ್‌ನಲ್ಲಿ ಗೇರ್‌ಗಿಂತ ಹೆಚ್ಚು ಬೇಕಾದದ್ದು ಡಂಜನ್ ತಿಳಿವಳಿಕೆ. ಯಾವ ಶತ್ರುವಿನ ಯಾವ ಮಂತ್ರವನ್ನು ತಡೆಯಲೇಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಅನ್ನುವುದು. ನಾಲ್ಕು ಜನ ಒಂದೇ ಮಂತ್ರಕ್ಕೆ ಕಿಕ್ (ಮಂತ್ರ ತಡೆಯುವ ಹೊಡೆತ) ಹಾಕಿ, ಮುಂದಿನ ಮಂತ್ರಕ್ಕೆ ಯಾರ ಕೈಯಲ್ಲೂ ಕಿಕ್ ಉಳಿಯದೆ ಗುಂಪೇ ಮಲಗುವುದನ್ನು ನಾವು ವಾರವಾರ ನೋಡುತ್ತೇವೆ. ಅದಕ್ಕೆ ನಮ್ಮಲ್ಲಿ ಸರದಿ ಮಾತಾಡಿಕೊಳ್ಳುತ್ತೇವೆ. "ಮೊದಲನೇದು ನಂದು, ಎರಡನೇದು ನಿಂದು." ಇಷ್ಟೇ. ಈ ಒಂದು ಮಾತು ಹತ್ತು ಐಲೆವೆಲ್‌ಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಅಪರಿಚಿತ ಗುಂಪುಗಳು ನಿಮ್ಮನ್ನು ತಿರಸ್ಕರಿಸಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಒಂದು ಜಾಗಕ್ಕೆ ಎಷ್ಟೋ ಅರ್ಜಿ ಬಂದಿರುತ್ತವೆ. ಐಲೆವೆಲ್ ನೋಡುತ್ತಾರೆ, ರೇಟಿಂಗ್ ನೋಡುತ್ತಾರೆ, ಮುಂದೆ ಹೋಗುತ್ತಾರೆ. ನಿಮ್ಮದೇ ಕೀ (ಮಿಥಿಕ್ ಪ್ಲಸ್ ತೆರೆಯುವ ಕೀಲಿ) ಹಾಕಿ ನೀವೇ ಗುಂಪು ಕಟ್ಟಿ. ಅಥವಾ ನಮ್ಮನ್ನು ಕೇಳಿ.

ಆಡ್‌ಆನ್ ಇಲ್ಲದೆ ಆಡಲು ಆಗುತ್ತಾ?

ಮೊದಲಿಗಿಂತ ಈಗ ಚೆನ್ನಾಗಿ ಆಗುತ್ತದೆ. ಎಷ್ಟೋ ವರ್ಷ ಬಾಸ್‌ಗಳನ್ನು ಆಡ್‌ಆನ್ ಇದೆ ಎಂದೇ ಲೆಕ್ಕ ಹಾಕಿ ಮಾಡಿದ ಹಾಗಿತ್ತು. ಎಲ್ಲಿ ಓಡಬೇಕು, ಯಾವಾಗ ಓಡಬೇಕು ಎಂದು ಪರದೆಯ ಮೇಲೆ ಅದೇ ಹೇಳುತ್ತಿತ್ತು. ಮಿಡ್‌ನೈಟ್‌ಗಾಗಿ ಬ್ಲಿಝಾರ್ಡ್ ಈ ದಾರಿಯನ್ನು ಕಿರಿದು ಮಾಡಿತು, ಹೋರಾಟದ ನಡುವೆ ಆಡ್‌ಆನ್‌ಗಳು ಲೆಕ್ಕ ಹಾಕಿ ಹೇಳುವುದಕ್ಕೆ ತಡೆ ಹಾಕಿತು. ವೀಕ್‌ಆರಾಸ್ ಎಂಬ ಆಡ್‌ಆನ್ ಮಾಡುವವರು ಮಿಡ್‌ನೈಟ್‌ಗೆ ಅದನ್ನು ತರುವುದಿಲ್ಲ ಎಂದು ಹೇಳಿದರು. ಬದಲಿಗೆ ಆಟದೊಳಗೇ ಎಚ್ಚರಿಕೆಗಳು ಬಂದಿವೆ.

2025ರಲ್ಲಿ ಇನ್ನೊಂದು ಸಹಾಯವೂ ಬಂತು. ಮುಂದೆ ಯಾವ ಬಟನ್ ಒತ್ತಬೇಕು ಎಂದು ಆಟವೇ ಹೊಳೆಯಿಸಿ ತೋರಿಸುತ್ತದೆ. ಬೇಕಾದರೆ ಒಂದೇ ಬಟನ್‌ನಲ್ಲಿ ಹೆಚ್ಚಿನ ಹೊಡೆತಗಳೂ ಆಗುತ್ತವೆ, ಆದರೆ ಆಗ ಹೊಡೆತಗಳ ನಡುವೆ ಸ್ವಲ್ಪ ಹೆಚ್ಚು ಬಿಡುವು ಬೀಳುತ್ತದೆ. ಹೊಸಬರು ಇದನ್ನು ಧಾರಾಳವಾಗಿ ಬಳಸಿ. ನಮ್ಮಲ್ಲಿ ಯಾರೂ ಹೀಯಾಳಿಸುವುದಿಲ್ಲ. ಬಟನ್ ನೋಡುವುದು ತಪ್ಪಿದರೆ ಕಣ್ಣು ನೆಲದ ಮೇಲಿನ ಬೆಂಕಿಯನ್ನು ನೋಡುತ್ತದೆ. ಬದುಕಿ ಉಳಿಯುವುದನ್ನು ಮೊದಲು ಕಲಿಯಿರಿ, ಬಟನ್ ಆಮೇಲೆ ಕಲಿಯಬಹುದು.

ಪಿವಿಪಿಗೆ (ಆಟಗಾರರ ನಡುವಿನ ಹೋರಾಟ) ಬೇರೆ ಗೇರ್ ಬೇಕಾ?

ಬೇಕು, ಆದರೆ ಬೇಗ ಸಿಗುತ್ತದೆ. 2007ರಲ್ಲಿ ರೆಸಿಲಿಯನ್ಸ್ ಎಂಬ ಸ್ಟ್ಯಾಟ್ ಬಂದು ಪಿವಿಪಿ ಗೇರ್ ಪೂರ್ತಿ ಬೇರೆಯಾಯಿತು. ಲೀಜನ್‌ನಲ್ಲಿ ಅದನ್ನು ತಲೆಕೆಳಗು ಮಾಡಿ, ಪಿವಿಪಿ ಒಳಗೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಸ್ಟ್ಯಾಟ್ ಕೊಟ್ಟರು. ಈಗ ನಡುದಾರಿ. ಪಿವಿಪಿ ಗೇರ್‌ನ ಐಲೆವೆಲ್ ಪಿವಿಪಿಯೊಳಗೆ ತಾನಾಗಿ ಏರುತ್ತದೆ.

ಬೇರೆ ಆನ್‌ಲೈನ್ ಆಟಗಳಲ್ಲೂ ಹೀಗೇನಾ?

ಎಲ್ಲ ಕಡೆ ಇಲ್ಲ. ಗಿಲ್ಡ್ ವಾರ್ಸ್ 2ರಲ್ಲಿ 2012ರಿಂದ ಇವತ್ತಿನವರೆಗೂ ಗರಿಷ್ಠ ಲೆವೆಲ್ 80. ಅಲ್ಲಿ ಒಮ್ಮೆ ಅಸೆಂಡೆಡ್ ಗೇರ್ ಮಾಡಿಕೊಂಡರೆ ವರ್ಷಗಟ್ಟಲೆ ನಡೆಯುತ್ತದೆ. ಗೇರ್ ಹಿಂದೆ ಓಡುವುದೇ ಬೇಡ ಅನ್ನುವವರಿಗೆ ನಾನೇ ಆ ಆಟ ಹೇಳುತ್ತೇನೆ. ಫೈನಲ್ ಫ್ಯಾಂಟಸಿ 14ರಲ್ಲಿ ಹಳೇ ಡಂಜನ್‌ಗೆ ಹೋದರೆ ನಿಮ್ಮ ಲೆವೆಲ್, ಗೇರ್ ಎರಡನ್ನೂ ಆ ಕಾಲಕ್ಕೆ ಇಳಿಸುತ್ತಾರೆ, ಹಾಗಾಗಿ ಹಳೆಯದೂ ಖಾಲಿ ಬೀಳುವುದಿಲ್ಲ. ಈವ್ ಆನ್‌ಲೈನ್‌ನಲ್ಲಿ ಸ್ಕಿಲ್ ಎನ್ನುವುದೇ ನಿಜವಾದ ಗಡಿಯಾರದ ಮೇಲೆ ಬೆಳೆಯುತ್ತದೆ. ನೀವು ಆಫೀಸಿನಲ್ಲಿದ್ದರೂ ನಿಮ್ಮ ಪೈಲಟ್ ಕಲಿಯುತ್ತಿರುತ್ತಾನೆ. 2016ರಲ್ಲಿ ಸ್ಕಿಲ್ ಇಂಜೆಕ್ಟರ್ ಬಂದಮೇಲೆ ಅದನ್ನು ಕೊಳ್ಳುವ ದಾರಿಯೂ ತೆರೆಯಿತು.

ದುಡ್ಡು ಕೊಟ್ಟು ಗೇರ್ ಮಾಡಿಸಿಕೊಂಡರೆ ಏನು ತಪ್ಪು?

ನಿಜವಾದ ಹಣ ಕೊಟ್ಟು ಹೊರಗಿನವರಿಂದ ಮಾಡಿಸಿಕೊಂಡರೆ ಅಕೌಂಟ್ ಬ್ಯಾನ್ ಆಗಬಹುದು. ಯುಪಿಐ ಮೂಲಕ ಕಳಿಸಿದ ಹಣ ಮರಳಿ ಬರುವುದಿಲ್ಲ. ಅದು ಹಾಗಿರಲಿ, ಎತ್ತಿಕೊಂಡು ಹೋದವರ ಕೈಯಲ್ಲಿ ಗೇರ್ ಇರುತ್ತದೆ, ಆ ಗೇರ್ ಗಳಿಸುವಾಗ ಕಲಿಯಬೇಕಾದದ್ದು ಇರುವುದಿಲ್ಲ. ಮುಂದಿನ ಸೀಸನ್‌ಗೆ ಆ ಗೇರೂ ಹೋಗುತ್ತದೆ. ನಮ್ಮ ಗಿಲ್ಡ್‌ನಲ್ಲಿ ಇದಕ್ಕೆ ಜಾಗವಿಲ್ಲ.

ಪುಣೆಯಿಂದ ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ) ಎಷ್ಟು ಬರುತ್ತದೆ? ಅದರಿಂದ ಕೈಚಳಕಕ್ಕೆ ತೊಂದರೆ ಇಲ್ವಾ?

ಭಾರತಕ್ಕೆಂದು ಪ್ರತ್ಯೇಕ ಸರ್ವರ್ ಇಲ್ಲ. ನಾವು ಆಡುವುದು ಯೂರೋಪ್ ಸರ್ವರ್‌ಗಳಲ್ಲಿ. ಪಿಂಗ್ ಸಾಮಾನ್ಯವಾಗಿ 150 ಮಿಲಿಸೆಕೆಂಡ್‌ನ ಆಸುಪಾಸು ಇರುತ್ತದೆ. ಮುಂಬೈ ಕಡಲತೀರದಲ್ಲಿ ಇಳಿಯುವ ಕೇಬಲ್‌ಗಳಲ್ಲಿ ಹಲವು ಕೆಂಪು ಸಮುದ್ರದ ಮೂಲಕ ಯೂರೋಪಿಗೆ ಹೋಗುತ್ತವೆ. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಕೇಬಲ್‌ಗಳು ತುಂಡಾದಾಗ ಇಲ್ಲೂ ವೇಗ ಇಳಿದಿತ್ತು. ಅಂಥದ್ದು ಬಿಟ್ಟರೆ 150ರಲ್ಲಿ ಆರಾಮಾಗಿ ರೈಡ್ ಮಾಡಬಹುದು.

ಯಾಕೆಂದರೆ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಆಟವೇ ಒಂದೂವರೆ ಸೆಕೆಂಡ್ ಬಿಡುವು ಇಟ್ಟಿದೆ. ಹೇಸ್ಟ್ ಎಂಬ ಸ್ಟ್ಯಾಟ್ ಹೆಚ್ಚಿದರೆ ಅದು ಕಡಿಮೆಯಾಗುತ್ತದೆ. ಆ ಬಿಡುವು ಮುಗಿಯುವುದಕ್ಕೆ 400 ಮಿಲಿಸೆಕೆಂಡ್ ಮೊದಲೇ ನೀವು ಮುಂದಿನ ಬಟನ್ ಒತ್ತಿದರೂ ಆಟ ಅದನ್ನು ಸಾಲಿನಲ್ಲಿ ಇಟ್ಟುಕೊಳ್ಳುತ್ತದೆ. ಪಿಂಗ್ ಅದರೊಳಗೆ ಕರಗಿಹೋಗುತ್ತದೆ. ತೊಂದರೆ ಕಾಣುವುದು ಕಿಕ್ ಹಾಕುವಾಗ ಮತ್ತು ನೆಲದ ಬೆಂಕಿಯಿಂದ ಹೊರಗೆ ಬರುವಾಗ. ಅದಕ್ಕೆ ಇರುವ ಮದ್ದು ಮುಂಚಿತವಾಗಿ ಊಹಿಸುವುದು. ಬಾಸ್‌ನ ಕ್ರಮ ಗೊತ್ತಿದ್ದವರು ಪಿಂಗ್ ಬಗ್ಗೆ ದೂರುವುದನ್ನು ನಾನು ಕೇಳಿಲ್ಲ. ಪಿಜಿಯಲ್ಲಿ ಹತ್ತು ಜನ ಹಂಚಿಕೊಳ್ಳುವ ವೈಫೈ ಇದ್ದರೆ ಮಾತ್ರ ಒಂದು ಉದ್ದನೆಯ ಲ್ಯಾನ್ ಕೇಬಲ್ ಕೊಳ್ಳಿ. ಅದಕ್ಕಿಂತ ಒಳ್ಳೆಯ ಗೇರ್ ಇಲ್ಲ.

ನನಗೆ ನಲವತ್ತು ದಾಟಿದೆ. ಬೆರಳು ಮೊದಲಿನ ಹಾಗೆ ಓಡುವುದಿಲ್ಲ. ರೈಡ್ ಮಾಡಬಹುದಾ?

ಖಂಡಿತ ಬನ್ನಿ. ಮಿಥಿಕ್‌ಗಿಂತ ಸುಲಭವಾದ ನಾರ್ಮಲ್ ಮತ್ತು ಹೀರೋಯಿಕ್ ರೈಡ್ ಕೇಳುವುದು ಬೆರಳಿನ ವೇಗಕ್ಕಿಂತ ಹೆಚ್ಚಾಗಿ ನೆನಪು, ತಾಳ್ಮೆ, ಸರಿಯಾದ ಜಾಗದಲ್ಲಿ ನಿಲ್ಲುವುದು. ಹುಬ್ಬಳ್ಳಿಯ ಸೈಬರ್ ಕೆಫೆ ಕಾಲದಿಂದ ಆಡುತ್ತಿರುವ ಹಿರಿಯರೊಬ್ಬರು ನಮ್ಮ ಹೀಲರ್. ಬಾಸ್ ಏಟು ಕೊಡುವ ಮೊದಲೇ ಅವರ ಮಂತ್ರ ಅರ್ಧ ಮುಗಿದಿರುತ್ತದೆ. ಚಿಕ್ಕವರು ಏಟು ಬಿದ್ದಮೇಲೆ ಓಡಾಡುತ್ತಾರೆ.

ಹಾಗಾದರೆ ನಿಮ್ಮ ಗಿಲ್ಡ್‌ನಲ್ಲಿ ಏನು ನೋಡಿ ಸೇರಿಸಿಕೊಳ್ಳುತ್ತೀರಿ?

ಐಲೆವೆಲ್ ಒಂದು ಮಟ್ಟಕ್ಕೆ ಇರಬೇಕು, ಇಲ್ಲದಿದ್ದರೆ ಉಳಿದವರಿಗೆ ಭಾರ ಆಗುತ್ತದೆ. ಆ ಸಂಖ್ಯೆಯನ್ನು ಸೀಸನ್ ಸೀಸನ್‌ಗೂ ಬದಲಿಸುತ್ತೇವೆ, ಸೀಸನ್ ನಡುವೆಯೂ ಇಳಿಸುತ್ತೇವೆ. ನಮ್ಮಲ್ಲೇ ಹೆಚ್ಚಿನವರಿಗೆ ಒಳ್ಳೆಯ ಗೇರ್ ಬಂದಮೇಲೆ ಕಡಿಮೆ ಇರುವ ಇಬ್ಬರು ಮೂವರನ್ನು ಸುಲಭವಾಗಿ ಜೊತೆಗೆ ಕರೆದೊಯ್ಯಬಹುದು ಅಲ್ವಾ?

ಆಮೇಲೆ ಲಾಗ್ (ಹೋರಾಟದ ದಾಖಲೆ) ನೋಡುತ್ತೇವೆ. ಎಷ್ಟು ಡ್ಯಾಮೇಜ್ ಎಂದು ನೋಡುವ ಮೊದಲು ಹೇಗೆ ಸತ್ತಿರಿ ಎಂದು ನೋಡುತ್ತೇವೆ. ಡ್ಯಾಮೇಜ್ ಪಟ್ಟಿಯಲ್ಲಿ ಮೇಲಿದ್ದವರು ಮೂರು ಪುಲ್‌ನಲ್ಲೂ (ಬಾಸ್ ಮೇಲಿನ ಒಂದೊಂದು ಪ್ರಯತ್ನ) ಒಂದೇ ಬೆಂಕಿಯಲ್ಲಿ ಸತ್ತಿದ್ದರೆ ಅದು ಚಿಂತೆಯ ವಿಷಯ. ಮೊದಲ ಪುಲ್‌ನಲ್ಲಿ ಬೆಂಕಿಯಲ್ಲಿ ಸತ್ತು, ಎರಡನೆಯದರಲ್ಲಿ ಹೊರಗೆ ಬಂದು, ಮೂರನೆಯದರಲ್ಲಿ ಅದು ಬೀಳುವ ಮೊದಲೇ ಜಾಗ ಬಿಟ್ಟವರು ಕೆಳಗಿದ್ದರೂ ನಮಗೆ ಅವರು ಬೇಕು. ಅವರ ಗೇರನ್ನು ನಾವು ಒಂದು ತಿಂಗಳಲ್ಲಿ ಸರಿಮಾಡಬಲ್ಲೆವು.

ಮೊದಲ ರೈಡ್‌ಗೆ ಬರುವಾಗ ಏನೇನು ತಯಾರಿ ಮಾಡಿಕೊಳ್ಳಬೇಕು?

ಗೇರ್‌ಗೆ ಎನ್‌ಚಾಂಟ್, ಜೆಮ್ ಹಾಕಿ. ದುಬಾರಿಯದ್ದೇ ಬೇಕೆಂದಿಲ್ಲ, ಖಾಲಿ ಇರಬಾರದು. ಶಕ್ತಿ ಹೆಚ್ಚಿಸುವ ಫ್ಲಾಸ್ಕ್ ಮತ್ತು ಊಟವನ್ನು ಗಿಲ್ಡ್ ಬ್ಯಾಂಕ್‌ನಿಂದ ತೆಗೆದುಕೊಳ್ಳಬಹುದು. ಆ ವಾರದ ಬಾಸ್‌ನ ಒಂದು ವೀಡಿಯೊ ನೋಡಿ ಬನ್ನಿ. ಅರ್ಥವಾಗದಿದ್ದರೂ ಪರವಾಗಿಲ್ಲ, ಪುಲ್‌ಗೆ ಮೊದಲು ಕನ್ನಡದಲ್ಲಿ ಹೇಳುತ್ತೇವೆ.

ರೈಡ್ ಶನಿವಾರ, ಭಾನುವಾರ ರಾತ್ರಿ 9:30ಕ್ಕೆ, ನಮ್ಮ ಗಡಿಯಾರದಲ್ಲಿ. ಯೂರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಬದಲಿಸುತ್ತಾರೆ. ಸರ್ವರ್‌ನಲ್ಲಿ ನಾವು ಶುರುಮಾಡುವಾಗ ಬೇಸಿಗೆಯಲ್ಲಿ ಸಂಜೆ 6 ಆಗಿರುತ್ತದೆ, ಚಳಿಗಾಲದಲ್ಲಿ 5. ಆಟದ ಕ್ಯಾಲೆಂಡರ್ ಸರ್ವರ್ ಸಮಯ ತೋರಿಸುವುದರಿಂದ ಆ ಎರಡು ವಾರಗಳಲ್ಲಿ ಎಚ್ಚರ ಇರಲಿ. ಗಣಪತಿಯ ಹತ್ತು ದಿನ ರೈಡ್ ಇಲ್ಲ. ಅರ್ಧದಷ್ಟು ಜನ ಮಂಡಳದ ಕೆಲಸದಲ್ಲಿರುತ್ತಾರೆ, ಉಳಿದವರು ಊರಿಗೆ ಹೋಗಿರುತ್ತಾರೆ. ವಾಯ್ಸ್ ಚಾಟ್‌ಗೆ 15 ನಿಮಿಷ ಮೊದಲೇ ಬನ್ನಿ. ಮೈಕ್ ಪರೀಕ್ಷೆ ಆಗ ಮಾಡುತ್ತೇವೆ.